ಹಳೇ ಪ್ಯಾಕಿಂಗ್ ತೂಗುತ್ತಿದ್ದ ಹುಣಸೆಮರ

ಗಾಳಿ ಬಂದಾಗ ಆ ಹುಣಸೆಮರದಲ್ಲಿ ಎಲೆಗಿಂತ ಮೊದಲು ತಗಡು ಸದ್ದು ಮಾಡುತ್ತಿತ್ತು. ರಾಯಬಾಗದಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಕಬ್ಬು ಶುರುವಾಗುವ ಕಡೆ ಶಾಂತು ಮಿಸ್ತ್ರಿಯವರ ಗ್ಯಾರೇಜಿತ್ತು. ಗ್ಯಾರೇಜು ಅಂದರೆ ಮೂರು ಕಡೆ ತಗಡು, ಒಂದು ಬಾಗಿಲು, ಮುಂದೆ ಆ ಮರ. ಕೆಳಗಿನ ಕೊಂಬೆಗಳಿಂದ ತಂತಿಗಳು ಇಳಿಬಿದ್ದಿದ್ದವು. ಒಂದೊಂದು ತಂತಿಯಲ್ಲೂ ಹತ್ತಾರು ಹಳೇ ಗ್ಯಾಸ್ಕೆಟ್ಟು. ನಮ್ಮ ಕಡೆ ಅದನ್ನು ಪ್ಯಾಕಿಂಗ್ ಅಂತಲೇ ಕರೆಯುವುದು. ಇಂಜಿನ್ನಿಗೂ ಅದರ ಹೊಗೆ ಸಾಗಿಸುವ ಕೊಳವೆಗೂ ನಡುವೆ, ಎರಡು ಕಬ್ಬಿಣದ ಮುಖಗಳು ಕೂಡುವಲ್ಲಿ, ಹೊಗೆ ಸೋರದಂತೆ ಇಡುವ ತೆಳ್ಳನೆಯ ಬಿಲ್ಲೆ ಅದು. ಮರದಲ್ಲಿದ್ದ ಅಷ್ಟೂ ಪ್ಯಾಕಿಂಗು ನಡುವೆ ಮಡಚಿದ್ದವು. ದೂರದಿಂದ ನೋಡಿದರೆ ಕರೀ ಚಿಟ್ಟೆಗಳು ರೆಕ್ಕೆ ಮುಚ್ಚಿಕೊಂಡು ಮಲಗಿದ ಹಾಗೆ ಕಾಣುತ್ತಿತ್ತು.

ಮಡಚುವುದು ಮಿಸ್ತ್ರಿಯವರ ಪದ್ಧತಿ. ಸೈಲೆನ್ಸರಿನ ಕೆಲಸಕ್ಕೆ ಯಾವ ಗಾಡಿ ಬರಲಿ, ಬಿಚ್ಚಿದ ಪ್ಯಾಕಿಂಗನ್ನು ಗಾಡಿಯವನ ಎದುರಿಗೇ ಪಕ್ಕಡು ಅನ್ನುವ ಇಕ್ಕಳದಲ್ಲಿ ಹಿಡಿದು ಮಡಚುತ್ತಿದ್ದರು. ಆಮೇಲಷ್ಟೇ ಹೊಸದರ ಪೊಟ್ಟಣ ಹರಿಯುವುದು. ಯಾಕೆ ಅಂತ ಒಮ್ಮೆ ಕೇಳಿದ್ದೆ. ಗಾಡಿಯವನಿಗೆ ನಂಬಿಕೆ ಬರಲಿ ಅಂತ ಅಂದಾರು ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ.

"ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ ತಂಗಿ. ಸಪಾಟ ಇದ್ರ ಹೊಳ್ಳಿ ಹಾಕು ಅಂತೈತಿ ಕೈ."

ಎತ್ತರದ, ಸಣಕಲು ಮನುಷ್ಯ. ತಲೆಯ ಮೇಲೆ ಒಂದು ಕಾಲಕ್ಕೆ ಬೆಳ್ಳಗಿದ್ದ ಟೊಪ್ಪಿಗೆ. ಗ್ಯಾರೇಜಿನ ಒಳಗೆ ಬುದ್ಧನ ಪಟವೊಂದಿತ್ತು. ಅಲ್ಲಿದ್ದ ಸಾಮಾನಿನಲ್ಲೆಲ್ಲ ಎಣ್ಣೆಯ ಬೆರಳಚ್ಚು ಇಲ್ಲದ್ದು ಆ ಗಾಜೊಂದೇ. ಕೃಷ್ಣಾ ನದಿಯ ದಂಡೆಯ ಜುಗೂಳ ಅವರ ಊರು. ಕೆಲಸ ಕಲಿತದ್ದು ಮಿರಜಿನಲ್ಲಿ. ಹಾಗಾಗಿ ಬೋಲ್ಟು ಬಿಗಿಯುವಾಗ ಅವರ ಬಾಯಲ್ಲಿ ಮರಾಠಿ ಬರುತ್ತಿತ್ತು, ಬಿಚ್ಚುವಾಗ ಕನ್ನಡ. "ಹಳೂ, ಹಳೂ" ಅಂತ ಸಾವಕಾಶ ಬಿಗಿಯುವರು. ಜಂಗು ಹಿಡಿದ ನಟ್ಟಿಗೆ "ಬಾ ನಮ್ಮಪ್ಪಾ, ಬಾ, ಏನ್ ಸಿಟ್ಟ ಐತಿ ನಿನಗ" ಅನ್ನುವರು. ಬಿಗಿಯುವುದನ್ನು ಉಸ್ತಾದ ಕಲಿಸಿದ, ಬಿಚ್ಚುವುದನ್ನು ಸಂಸಾರ ಕಲಿಸಿತು ಎಂದು ಅವರ ವಿವರಣೆ.

ಕೆಲಸ ಮುಗಿದ ಮೇಲೆ ಅವರ ಪರೀಕ್ಷೆ ನೋಡಬೇಕು. ಇಂಜಿನ್ ಚಾಲೂ ಇಟ್ಟು, ಹಿಂದೆ ಹೊಗೆ ಬರುವ ಬಾಯಿಗೆ ಗಾಡಿಯವನ ಕೈಯಿಂದ ಒದ್ದೆ ಗೋಣಿಚೀಲ ಒತ್ತಿಸುತ್ತಿದ್ದರು. ದಾರಿ ಕಟ್ಟಿದ ಹೊಗೆ ಎಲ್ಲಿ ಸಂದು ಸಿಕ್ಕರೂ ಅಲ್ಲಿಂದ ನುಸುಳುತ್ತದೆ. ಮಿಸ್ತ್ರಿ ಒಂದು ಮೊಳದ ರಬ್ಬರು ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಪ್ಯಾಕಿಂಗಿನ ಸುತ್ತ ತಿರುಗಿಸುವರು. ಕಣ್ಣು ಮುಚ್ಚಿರುತ್ತಿತ್ತು. ಮುಖದಲ್ಲಿ ದೂರದ ಊರಿನಿಂದ ಯಾರೋ ಫೋನ್ ಮಾಡಿ ಮನೆಯ ಸುದ್ದಿ ಹೇಳುತ್ತಿದ್ದ ಹಾಗೆ ಒಂದು ನಗೆ. ಆ ಎರಡು ನಿಮಿಷ ಅಲ್ಲಿದ್ದ ಯಾರೂ ಮಾತಾಡುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಹಾದುಹೋದರೆ ಅದರ ಹಾಡು ನಿಲ್ಲುವವರೆಗೆ ಕಾದು ಮತ್ತೆ ಕೇಳುವರು. ಸುಂಯ್ ಅನ್ನುವ ಸಣ್ಣ ಎಳೆ ಕೇಳಿದರೂ ಪೂರ್ತಿ ಬಿಚ್ಚುವರು. "ಇದು ಮಂದಿ ಕುಂದ್ರೂ ಗಾಡಿ" ಅನ್ನುವುದು ಅವರ ಒಂದೇ ಕಾರಣ. ಹೊಗೆ ಸೋರುವ ಗಾಡಿ ತಮ್ಮ ಮರದ ನೆರಳು ದಾಟಬಾರದು ಎಂಬುದನ್ನು ಅವರು ದೇವರ ಹರಕೆಗಿಂತ ಹೆಚ್ಚು ಮಾಡಿಕೊಂಡಿದ್ದರು.

ನಮ್ಮಪ್ಪನದು ಸೀಟಿನ ಕೆಳಗೇ ಇಂಜಿನ್ ಇರುವ ವ್ಯಾನು. ದಿನಾ ಬೆಳಿಗ್ಗೆ ರಾಯಬಾಗದ ನಾಲ್ಕೈದು ಜನ ಶಿಕ್ಷಕಿಯರನ್ನೂ ನರ್ಸುಗಳನ್ನೂ ಚಿಕ್ಕೋಡಿಗೆ ಬಿಟ್ಟು ಸಂಜೆ ಕರೆತರುತ್ತಿದ್ದ. ನಾನೂ ಅದರಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ಚರ್ಚಾಸ್ಪರ್ಧೆ ನನಗೆ ಹತ್ತಿದ ಚಟ. ವಿಷಯದ ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಯಾವುದು ಬಂದರೂ ಐದು ನಿಮಿಷದಲ್ಲಿ ಅದೇ ಸತ್ಯ ಎಂದು ನನಗೇ ಅನಿಸಿಬಿಡುತ್ತಿತ್ತು. ನಿಪ್ಪಾಣಿಯಲ್ಲಿ ಗೆದ್ದ ಢಾಲು ಮನೆಯ ಟಿವಿ ಮೇಲೆ ಕೂತಿತ್ತು. ಮಿಸ್ತ್ರಿಯವರು ನನ್ನನ್ನು ವಕೀಲಬಾಯಿ ಅಂತ ಕರೆಯತೊಡಗಿದ್ದು ಆಗಲೇ. ವ್ಯಾನಿನ ಕೆಲಸ ಮುಗಿಯುವವರೆಗೆ ಹಳೇ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತು ನಾನು ಅವರೊಡನೆ ವಾದ ತೆಗೆಯುತ್ತಿದ್ದೆ. ಪ್ಯಾಕಿಂಗ್ ಹರಿದಿಲ್ಲ, ಸುಟ್ಟಿಲ್ಲ, ಹಾಗಿದ್ದೂ ಯಾಕೆ ಒಗೆಯಬೇಕು? ಹತ್ತು ನಿಮಿಷ ಮಾತ್ರ ಬಿಗಿದು ಬಿಚ್ಚಿದ ಪ್ಯಾಕಿಂಗು ಹೊಸದೋ ಹಳೇದೋ? ಹಳೇದು, ಅಂದರು. ಒಂದು ನಿಮಿಷ? ಹಳೇದು. ಹಾಗಾದರೆ ಅದು ಹಳೇದಾಗುವುದು ಯಾವ ಕ್ಷಣಕ್ಕೆ? ಅವರು ತಲೆ ಎತ್ತದೆ, ನನ್ನ ಗಂಡನಾಗುವವನ ಮೇಲೆ ಅವರಿಗೆ ಈಗಲೇ ಕನಿಕರ ಬರುತ್ತಿದೆ ಅಂದರು. ಅಪ್ಪ ಬೀಡಿ ಹೊಗೆಯಲ್ಲಿ ಕೆಮ್ಮುವಷ್ಟು ನಕ್ಕ.

ಒಂದು ದಿನ ಅವರನ್ನು ಸರಿಯಾಗಿ ಹಿಡಿದೆ ಅಂದುಕೊಂಡೆ. ಯಾರದೋ ಬೈಕಿನ ಸೈಲೆನ್ಸರಿನಿಂದ ತಾಮ್ರದ ಬಳೆಯಂಥ ಪ್ಯಾಕಿಂಗ್ ತೆಗೆದವರು ಅದನ್ನು ಮಡಚಲಿಲ್ಲ. ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿದರು. ಅದು ಮೆಲ್ಲಗೆ ಕೆಂಪಾಯಿತು, ಸಂಜೆಯ ಸೂರ್ಯ ಕಬ್ಬಿನ ಮೇಲೆ ಇಳಿಯುವಾಗ ಆಗುವ ಬಣ್ಣ. ಆಮೇಲೆ ನೀರಿನ ಬಕೆಟ್ಟಿನಲ್ಲಿ ಅದ್ದಿ, ಒರೆಸಿ, ಅದನ್ನೇ ತಿರುಗಿ ಹಾಕಿದರು.

"ಮಾಮಾ, ಇದು ಹಳೇದಲ್ಲೇನ್ರಿ?"

"ತಾಮ್ರಕ್ಕ ಬೆಂಕಿ ತೋರಿಸಿದ್ರ ಎಲ್ಲಾ ಮರೀತೈತಿ. ಮೆತ್ತಗಾಗಿ ಹೊಸಾ ಕೂಸಿನಂಗ ಆಕ್ಕೈತಿ. ಆ ಕರೀದು ಮರೆಯಂಗಿಲ್ಲ. ಒಮ್ಮೆ ಯಾವ ಮಕಕ್ಕ ಒತ್ತಿತೋ ಆ ಗುರುತು ಹಿಡಕೊಂಡ ಕುಂದರ್ತೈತಿ."

ನಾನು ಒಪ್ಪಲಿಲ್ಲ. ಮಾತನ್ನು ಎತ್ತಿಟ್ಟುಕೊಂಡೆ.

ಅದು ಉಪಯೋಗಕ್ಕೆ ಬಂದದ್ದು ಚಳಿಗಾಲದ ಒಂದು ಮಧ್ಯಾಹ್ನ. ವ್ಯಾನಿನ ಹೊಗೆಯ ಕೊಳವೆ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಲು ಅದನ್ನು ಇಂಜಿನ್ನಿನಿಂದ ಬಿಚ್ಚಬೇಕಾಯಿತು. ಬಿಚ್ಚಿದಾಗ ಪ್ಯಾಕಿಂಗ್ ಇಡಿಯಾಗಿ ಕೈಗೆ ಬಂತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಹೊಸದು ರಾಯಬಾಗದಲ್ಲಿ ಸಿಗಲಿಲ್ಲ. ಚಿಕ್ಕೋಡಿಯ ಅಂಗಡಿಯವನು ನಾಡಿದ್ದು ತರಿಸಿಕೊಡುತ್ತೇನೆ ಅಂದ. ನನಗೆ ನಾಳೆ ಬೆಳಿಗ್ಗೆ ಅಥಣಿಯಲ್ಲಿ ಅಂತರ ಕಾಲೇಜು ಸ್ಪರ್ಧೆ. ಅಪ್ಪ ವ್ಯಾನಿನಲ್ಲೇ ಬಿಡುತ್ತೇನೆ ಅಂದಿದ್ದ, ಅಥಣಿಯ ಅತ್ತೆಯ ಮನೆಗೆ ಹೋಗಲು ಆಯಿಯೂ ಸೀರೆ ಮಡಚಿಟ್ಟುಕೊಂಡಿದ್ದಳು. ಆಯಿ ಅಂದರೆ ಅಪ್ಪನ ಅವ್ವ.

ಮಿಸ್ತ್ರಿ ಎಂದಿನಂತೆ ಪ್ಯಾಕಿಂಗನ್ನು ಪಕ್ಕಡಿನಲ್ಲಿ ಹಿಡಿದರು. ಇನ್ನೇನು ಮಡಚಬೇಕು. ನಾನು ಎದ್ದು ನಿಂತೆ.

"ಮಾಮಾ, ಕರೀ ಪ್ಯಾಕಿಂಗ್ ಮರೆಯಂಗಿಲ್ಲ ಅಂದವ್ರು ನೀವ. ಹಂಗಿದ್ರ ಅದಕ್ಕ ತನ್ನ ಜಾಗಾ ನೆನಪೈತಿ. ಅದೇ ಜಾಗಾದಾಗ, ಅದೇ ಮಕಾ ಮಾಡಿ ಇಟ್ರ, ಹೊಸಾದಕ್ಕಿಂತ ಇದ ಬರೋಬ್ಬರಿ ಕುಂದರಬೇಕಲ್ರಿ?"

ಪಂಕ್ಚರಿಗೆ ಕಾಯುತ್ತಿದ್ದ ಟ್ರ್ಯಾಕ್ಟರಿನವನು, ವಕೀಲಬಾಯಿ ಗೆದ್ಲು ನೋಡ್ರಿ ಅಂತ ಅಪ್ಪನ ಬೆನ್ನು ತಟ್ಟಿದ. ಮಿಸ್ತ್ರಿ ಪ್ಯಾಕಿಂಗನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ನನ್ನ ಕಡೆ ನೋಡಿದರು. ಉತ್ತರ ಇಲ್ಲದಿದ್ದರೆ ಒಪ್ಪಬೇಕು ಎಂಬ ಪ್ರಾಮಾಣಿಕತೆ ಅವರಿಗಿತ್ತು, ಅದನ್ನೇ ನಾನು ಸೋಲು ಅಂತ ತಿಳಿದೆ. ಪಕ್ಕಡು ಕೆಳಗಿಳಿಯಿತು. ಅಂಟು ಸವರಿ ಹಳೇ ಪ್ಯಾಕಿಂಗನ್ನೇ ಇಟ್ಟು ಬಿಗಿದರು. ಆ ಹೊತ್ತು ಮರಾಠಿಯೂ ಬರಲಿಲ್ಲ. ಪೈಪು ಕಿವಿಗಿಟ್ಟು ಬಹಳ ಹೊತ್ತು ಕೇಳಿದರು. ಸದ್ದಿಲ್ಲ.

"ಈಗೇನ ಇಲ್ಲ" ಅಂದರು. "ಆದ್ರ ಕಿಡಕಿ ಕಾಜ ಇಳಿಸ್ಕೊಂಡ ಹೋಗ್ರಿ. ಥಂಡಿ ಆದ್ರೂ ಸೈ."

ಮರುದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ರಸ್ತೆಯ ಎರಡೂ ಬದಿ ಕಬ್ಬಿನ ಬಿಳಿ ತುರಾಯಿಗಳು ನೀರಿನ ಮೇಲೆ ತೇಲುವ ಹಾಗೆ ತೇಲುತ್ತಿದ್ದವು. ಹಿಂದಿನ ಸೀಟಿನಲ್ಲಿ ಆಯಿ ನಡುಗುತ್ತಿದ್ದಳು. ನಾನು ಅವಳ ಪಕ್ಕ ಕೂತಿದ್ದೆ. ತಪ್ಪಿಲ್ಲದ ಗಾಡಿಗೆ ತೆರೆದ ಕಿಟಕಿಯ ಶಿಕ್ಷೆ ಯಾಕೆ ಅಂತ ವಾದಿಸಿ ಕಾಜುಗಳನ್ನು ಏರಿಸಿದವಳು ನಾನೇ. ಅಪ್ಪ ತನ್ನ ಕಡೆಯದನ್ನು ಎರಡು ಬೆರಳಿನಷ್ಟು ಬಿಟ್ಟುಕೊಂಡ.

ಆಮೇಲಿನದು ಈಗಲೂ ನನಗೆ ಸಿಹಿಯಾಗಿಯೇ ನೆನಪಾಗುತ್ತದೆ, ಅದೇ ಭಯ. ಭಾಷಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮೊದಲನೆಯ ಅಂಶದ ನಂತರ ಎರಡನೆಯದು ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ ಅನಿಸಿತು. ತಲೆ ಭಾರವಾಯಿತು, ಆದರೆ ಅದು ಬೇರೆ ಯಾರದೋ ತಲೆ. ಹೊರಗೆ ತುರಾಯಿಗಳು ಬಾ ಬಾ ಅಂತ ಬಗ್ಗುತ್ತಿದ್ದವು. ಆಯಿಯ ತಲೆ ನನ್ನ ಹೆಗಲಿಗೆ ಒರಗಿತು, ಅವಳಿಗೂ ಒಳ್ಳೆಯ ನಿದ್ದೆ ಬಂದಿದೆ ಎಂದು ಸುಖವಾಯಿತು. ನನ್ನ ಜೀವನದಲ್ಲಿ ಯಾರನ್ನೂ ಯಾವುದಕ್ಕೂ ಎದುರಿಸಬೇಕು ಅನಿಸದ ಅರ್ಧ ಗಂಟೆ ಅದೊಂದೇ.

ಕುಡಚಿಯ ಸೇತುವೆಗೆ ಮೊದಲು ಕಬ್ಬಿನ ಟ್ರೇಲರ್ ಅಡ್ಡ ನಿಂತಿತ್ತು. ಅಪ್ಪ ಗಾಡಿ ನಿಲ್ಲಿಸಿ ಕೆಳಗಿಳಿದವನು ಎರಡು ಹೆಜ್ಜೆ ಇಟ್ಟು ವಾಂತಿ ಮಾಡಿಕೊಂಡ. ತಣ್ಣನೆಯ ಗಾಳಿಗೆ ಅವನಿಗೆ ಏನೋ ಹೊಳೆದಿರಬೇಕು, ಓಡಿಬಂದು ಎಲ್ಲಾ ಬಾಗಿಲು ತೆರೆದ. ನಾನು ಎದ್ದೆ. ಆಯಿ ಏಳಲಿಲ್ಲ. ಕಬ್ಬು ಕಡಿಯುವ ಹೆಂಗಸರು ಅವಳನ್ನು ರವದಿಯ, ಅಂದರೆ ಕಬ್ಬಿನ ಒಣ ಸೋಗೆಯ ಮೇಲೆ ಮಲಗಿಸಿದರು, ಒಬ್ಬಳು ಅಂಗಾಲು ತಿಕ್ಕಿದಳು, ಒಬ್ಬಳು ಮರಾಠಿಯಲ್ಲಿ ಹೆಸರು ಕೇಳಿ ಆ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಆಯಿ ಕಣ್ಣು ಬಿಟ್ಟಾಗ ಮಂಜು ಕರಗಿತ್ತು.

ಡಾಕ್ಟರು ಹೊಗೆ ಹೊಕ್ಕಿದೆ ಅಂದರು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಅಪ್ಪ ವ್ಯಾನನ್ನು ಟ್ರ್ಯಾಕ್ಟರಿಗೆ ಕಟ್ಟಿ ಮಿಸ್ತ್ರಿಯವರ ಬಳಿ ಎಳೆದು ತಂದಾಗ ನಾನೂ ಹೋಗಿದ್ದೆ. ಬೈಸಿಕೊಳ್ಳಲಿಕ್ಕೇ ಹೋಗಿದ್ದೆ. ಅವರು ಬಿಚ್ಚಿದರು. ಪ್ಯಾಕಿಂಗಿನ ಒಂದು ಅಂಚಿನಲ್ಲಿ ನಾಲಗೆಯ ಆಕಾರದ ಕರೀ ಗುರುತು, ಹೊಗೆ ದಾರಿ ಮಾಡಿಕೊಂಡ ಜಾಗ. ಅದನ್ನು ಮಡಚಿದರು. ಮರಕ್ಕೆ ತೂಗಲಿಲ್ಲ. ಬಾಗಿಲಿನ ಪಕ್ಕ, ತಾವು ಒಳಗೆ ಹೋಗುವಾಗೆಲ್ಲ ಕಣ್ಣಿಗೆ ಬೀಳುವ ಎತ್ತರದಲ್ಲಿ ಮೊಳೆ ಹೊಡೆದು ಅಲ್ಲಿ ಸಿಕ್ಕಿಸಿದರು.

"ಆಯಿ ಊಟಾ ಮಾಡ್ಯಾರೇನು?" ಅಂತ ಕೇಳಿದರು. ಅಷ್ಟೇ.

ಆ ಸಂಜೆ ಬಾಳೆಹಣ್ಣು ಹಿಡಿದು ಮನೆಗೆ ಬಂದರು. ಒಳಗೆ ಬಂದು ಕೂರಲು ನಾಲ್ಕು ಸಲ ಹೇಳಬೇಕಾಯಿತು. ತಪ್ಪು ನನ್ನದು ಅಂತ ಆಯಿಗೆ ಕೈಮುಗಿದರು. ಆಯಿ ವ್ಯಾನಿನಲ್ಲಿ ಎಚ್ಚರ ತಪ್ಪಿದಾಗ ಕಂಡ ಕನಸಿನ ಹುಮ್ಮಸ್ಸಿನಲ್ಲೇ ಇದ್ದಳು. ಅಕ್ಕೋಳದ ತವರಿನ ತಂಬಾಕದ ಹೊಲ, ಎದೆಮಟ್ಟದ ಎಲೆಗಳ ನಡುವೆ ಸತ್ತುಹೋದ ಅವಳ ಅವ್ವ, ಬಾರಲೇ ಅಂತ ಕರೆಯುವುದು, ಇವಳು ಚಪ್ಪಲಿ ಹುಡುಕುವುದು.

"ಚಪ್ಪಲಿ ಸಿಕ್ಕಿದ್ರ ಹೋಗೇ ಬಿಡ್ತಿದ್ನೋ ಶಾಂತ್ಯಾ" ಅಂದಳು. "ಯಾರ ಮುಚ್ಚಿಟ್ಟಿದ್ರೋ, ಪುಣ್ಯಾತ್ಮರು."

ಮಿಸ್ತ್ರಿ ನಗಲು ನೋಡಿದರು, ಆಗಲಿಲ್ಲ. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಟೊಪ್ಪಿಗೆ ಇಲ್ಲದ ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೂ ನಮ್ಮ ವಾದ ನಿಲ್ಲಲಿಲ್ಲ, ಪ್ಯಾಕಿಂಗಿನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ನಾನು ಕಾನೂನು ಓದಿ ಚಿಕ್ಕೋಡಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದೆ. ವಕೀಲಬಾಯಿ ಖರೇನ ವಕೀಲಳಾದ್ಲು ಅಂತ ಮಿಸ್ತ್ರಿ ಇದ್ದಬದ್ದವರಿಗೆಲ್ಲ ಹೇಳಿದರಂತೆ. ಅಷ್ಟರಲ್ಲಿ ಅವರ ಕಿವಿ ಮಂದವಾಗತೊಡಗಿತ್ತು. ಪೈಪನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸುವರು, ಆಮೇಲೆ ಮತ್ತೆ ಹಳೇ ಕಿವಿಗೆ. ಒಂದು ದಿನ ಗ್ಯಾರೇಜಿನ ಬಾಗಿಲಿಗೆ ಬೀಗ ಬಿತ್ತು. ಕೇಳಿಸದ ಮೇಲೆ ಮಂದಿ ಕುಂದ್ರೂ ಗಾಡಿ ಮುಟ್ಟಬಾರದು ಅಂದು ಜುಗೂಳಕ್ಕೆ, ಮಗನ ಮನೆಗೆ ಹೋದರು.

ಅವರು ತೀರಿಕೊಂಡದ್ದು ಅದಾಗಿ ಎರಡು ವರ್ಷಕ್ಕೆ, ಮಳೆಗಾಲದಲ್ಲಿ. ಹೊಳೆ ತುಂಬಿ ದಾರಿ ಕಟ್ಟಿತ್ತು, ನನಗೆ ಹೋಗಲಾಗಲಿಲ್ಲ. ಆದ್ದರಿಂದ ನಾನು ನೆನೆಯುವ ಕೊನೆಯ ದಿನ ಅದಕ್ಕಿಂತ ನಾಲ್ಕು ತಿಂಗಳ ಹಿಂದಿನದು.

ವ್ಯಾನು ಅಪ್ಪನ ಕೈಬಿಟ್ಟು ನನ್ನ ಕೈಗೆ ಬಂದಿತ್ತು. ತಣ್ಣಗಿದ್ದಾಗ ಚಾಲೂ ಮಾಡಿದರೆ ಕೆಳಗೆ ಟಿಕ್ ಟಿಕ್ ಅನ್ನುತ್ತಿತ್ತು. ನನಗೆ ಆ ಸದ್ದಿನ ಅರ್ಥ ಗೊತ್ತು, ಪ್ಯಾಕಿಂಗಿನಲ್ಲಿ ಹೊಗೆ ಸೋರುತ್ತಿದೆ. ಬೇರೆ ಗ್ಯಾರೇಜುಗಳಿದ್ದವು. ನಾನು ಒಂದು ಹೊಸ ಪ್ಯಾಕಿಂಗ್ ಕೊಂಡು, ಎಲ್ಲಾ ಕಾಜು ಇಳಿಸಿಕೊಂಡು ಜುಗೂಳಕ್ಕೆ ಓಡಿಸಿದೆ.

ಮನೆಯ ಹಿಂದೆ ಬೇವಿನ ಮರ, ಆಚೆ ಹೊಳೆ, ಬೇಸಿಗೆಗೆ ಸಣ್ಣದಾಗಿ ಬೆಳಕಿನಂತೆ ಹರಿಯುತ್ತಿತ್ತು. ಅವರು ಒಲ್ಲೆ ಅಂದರು, ಆಮೇಲೆ ಸೊಸೆಗೆ ನಟ್ಟು ಬಿಚ್ಚುವ ಪಾನಾಗಳ ಚೀಲ ತರಲು ಹೇಳಿದರು. ಹಳೇದನ್ನು ಮಡಚಿದರು, ಕಬ್ಬಿಣದ ಮುಖ ಕೆರೆದರು, ಹೊಸದನ್ನಿಟ್ಟರು. "ಹಳೂ, ಹಳೂ." ಸೊಸೆಯ ಕೈಗೆ ಒದ್ದೆ ಗೋಣಿಚೀಲ ಕೊಟ್ಟು ಹಿಂದಕ್ಕೆ ಕಳಿಸಿದರು. ಪೈಪು ತೆಗೆದು ತಮ್ಮ ಕಿವಿಗೆ ಇಟ್ಟುಕೊಂಡವರು, ನೆನಪಾದ ಹಾಗೆ ಅದನ್ನು ನನಗೆ ಚಾಚಿದರು.

ನಾನು ಕಣ್ಣು ಮುಚ್ಚಿದೆ. ಪೈಪಿನೊಳಗೆ ಮೊದಲು ಸಮುದ್ರದಂಥದೊಂದು ಮೊರೆತ. ಅದರೊಳಗೆ, ಬಹಳ ದೂರದಲ್ಲಿ, ಸುಂಯ್.

ಕಣ್ಣು ತೆರೆದಾಗ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಎರಡು ತಾಸು ನೆಲದಲ್ಲಿ ಮಲಗಿ ಮಾಡಿದ ಕೆಲಸ. ಪ್ರಾಯಶಃ ಅವರ ಕೊನೆಯ ಗಾಡಿ. ಸದ್ದು ಕೂದಲೆಳೆಯಷ್ಟು. ಇಲ್ಲ ಅಂದರೆ ಅವರು ಸುಖವಾಗಿ ಚಹಾ ಕುಡಿಯುವರು, ನಾನು ಚಿಕ್ಕೋಡಿಯಲ್ಲಿ ಇನ್ನೊಬ್ಬರ ಬಳಿ ಸರಿ ಮಾಡಿಸಿಕೊಳ್ಳಬಹುದು. ಇಲ್ಲ ಅನ್ನುವ ಪಕ್ಷವನ್ನು ಐದು ನಿಮಿಷ ಮಂಡಿಸುವಷ್ಟು ಅಂಶಗಳು ನನ್ನ ಬಳಿ ಆಗಲೇ ಕೂಡಿದ್ದವು.

"ಸೋರಾಕತ್ತೈತ್ರಿ ಮಾಮಾ" ಅಂದೆ.

ಅವರ ಮುಖ ಬಾಡಲಿಲ್ಲ. ಬೆರಳು ಮೇಲೆತ್ತಿ ಎಲ್ಲಿ ಅಂತ ಕೇಳಿದರು, ತೋರಿಸಿದೆ. ಆರಲು ಬಿಟ್ಟು ಮತ್ತೆ ಬಿಚ್ಚಿದರು. ಕಬ್ಬಿಣದ ಮುಖದ ಮೇಲೆ ಆ ಜಾಗದಲ್ಲಿ ಹಳೇ ಪ್ಯಾಕಿಂಗಿನ ತೆಳ್ಳನೆಯ ಪದರು ಉಗುರಿನಷ್ಟು ಉಳಿದಿತ್ತು. ಅವರ ಕಣ್ಣಿಗೆ ಕಂಡಿರಲಿಲ್ಲ. ಬೆರಳಿಂದ ಸವರಿ, ಕೆರೆದು, ನನ್ನ ಬೆರಳನ್ನೂ ಹಿಡಿದು ಸವರಿಸಿ ನಯವಾಯಿತೇ ಅಂತ ಕೇಳಿದರು. ಆಯಿತು. ಆದರೆ ಈಗ ಬಿಚ್ಚಿದ ಪ್ಯಾಕಿಂಗಿಗೆ ಹತ್ತು ನಿಮಿಷ ವಯಸ್ಸು, ನಾನು ತಂದದ್ದು ಅದೊಂದೇ. ಇಬ್ಬರೂ ಅದನ್ನು ನೋಡಿದೆವು. ಅವರು ಏನಾದರೂ ಅನ್ನುವ ಮೊದಲೇ ನಾನು ಚಪ್ಪಲಿ ಮೆಟ್ಟಿ, ಕಾಗವಾಡದ ಕಡೆ ಹೋಗುವ ಟಮ್‌ಟಮ್ ಹತ್ತಿದೆ.

ಮೂರು ಅಂಗಡಿ ತಿರುಗಿ, ಹೊಸದೊಂದು ಹುಡುಕಿಕೊಂಡು ಬರುವಷ್ಟರಲ್ಲಿ ಬಿಸಿಲು ಹೊಳೆಯ ಆಚೆ ಸರಿದಿತ್ತು. ಮಿಸ್ತ್ರಿ ಹೊರಸಿನ ಮೇಲೆ ನಿದ್ದೆ ಹೋಗಿದ್ದರು. ಬೇವಿನ ನೆರಳು ಅವರ ಎದೆಯ ಮೇಲೆ ಉಸಿರಿನ ಜೊತೆ ಏರಿಳಿಯುತ್ತಿತ್ತು. ಎಬ್ಬಿಸದೆ ಪಕ್ಕದಲ್ಲಿ ಕೂತೆ. ಹೊಳೆಯಲ್ಲಿ ಎಮ್ಮೆಗಳು ಮೂಗಷ್ಟೇ ಮೇಲಿಟ್ಟು ನಿಂತಿದ್ದವು. ಕೇಳಿಸದ ಮನುಷ್ಯನ ಕನಸಿನಲ್ಲಿ ಸದ್ದು ಇರುತ್ತದೆಯೇ ಅಂತ ಯೋಚಿಸಿದೆ. ಅವರು ತಾವಾಗಿ ಎದ್ದರು, ನನ್ನ ಕೈಯ ಪೊಟ್ಟಣ ನೋಡಿದರು, ಕೆಲಸಕ್ಕೆ ಬಾಗಿದರು. ಸೊಸೆ ಗೋಣಿಚೀಲ ಒತ್ತಿದಳು. ಈ ಸಲ ಪೈಪಿನಲ್ಲಿ ಮೊರೆತ ಒಂದೇ ಇತ್ತು. ಇಲ್ಲ ಅಂತ ತಲೆಯಾಡಿಸಿದೆ. ಇನ್ನೊಮ್ಮೆ ಕೇಳು ಅಂದರು. ಇನ್ನೊಮ್ಮೆ ಕೇಳಿದೆ. ಇಲ್ಲ.

ಚಹಾ ಬಂತು. ಬಸಿಯಲ್ಲಿ ಸುರಿದುಕೊಂಡು, ಕುಡಿಯದೆ ಹಿಡಿದುಕೊಂಡೇ ಕೂತರು.

"ಆವತ್ತ ನೀ ಕೇಳಿದ್ದಕ್ಕ ನನ್ನ ಹಂತ್ಯಾಕ ಉತ್ತರ ಇರಲಿಲ್ಲ" ಅಂದರು. "ಭಾಳ ವರ್ಷ ಬೇಕಾತು. ನಿನ್ನ ಮಾತ ಖರೆ ಇತ್ತವಾ, ಪ್ಯಾಕಿಂಗಿಗೆ ತನ್ನ ಜಾಗಾ ನೆನಪ ಇರ್ತೈತಿ. ಆದ್ರ ಜಾಗಾ ಹಂಗ ಉಳಿಯಂಗಿಲ್ಲ. ಕಬ್ಬಿಣ ದಿನಾ ಕಾಯ್ತೈತಿ, ಆರ್ತೈತಿ. ಬೋಲ್ಟ್ ಬಿಚ್ಚಿದ ಕೂಡ್ಲೇ ತನಗ ಬೇಕಾದಂಗ ಸೊಟ್ಟ ಹೊಳ್ಳತೈತಿ. ಇದು ನೆನಪ ಇಟ್ಕೊಂಡ ಕುಂತದ್ದು ಮೊದಲಿನ ಮಕಾ."

ಲೋಹಕ್ಕೆ ನೆನಪಿರುತ್ತದೆ ಎಂಬುದನ್ನು ನಾನು ಈಗಲೂ ಒಪ್ಪುವುದಿಲ್ಲ. ಅಂದೂ ನನ್ನ ಬಳಿ ಪ್ರತಿವಾದವಿತ್ತು. ಹೇಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಮುಖವನ್ನೇ ಯಂತ್ರಕ್ಕೆ ಕೊಟ್ಟು ಸಪಾಟು ಮಾಡಿಸಿದರೆ ಅಂದೆ, ಆದರೆ ಹೊಳೆಯ ಕಡೆ ತಿರುಗಿಕೊಂಡು, ಮೆಲ್ಲಗೆ. ಅವರಿಗೆ ಕೇಳಿಸಲಿಲ್ಲ.

ಹೊರಡುವಾಗ ಕಿಟಕಿಯ ಬಳಿ ಬಂದು ನಿಂತರು. ಒಂದು ಕೈಯಲ್ಲಿ ಆ ಹತ್ತು ನಿಮಿಷದ ಪ್ಯಾಕಿಂಗು, ಇನ್ನೊಂದರಲ್ಲಿ ಪಕ್ಕಡು. ಎರಡನ್ನೂ ನನಗೆ ಕೊಟ್ಟರು. ಅದು ಹೊಸದರ ಹಾಗೇ ಹೊಳೆಯುತ್ತಿತ್ತು. ಪಕ್ಕಡಿನಲ್ಲಿ ಹಿಡಿದು ಮಡಚಿದೆ. ಒಣ ಎಲೆ ತುಳಿದಷ್ಟು ಸಣ್ಣ ಸದ್ದಾಯಿತು. ಅವರು ನನ್ನ ಮುಖ ನೋಡಿ, ಕೇಳಿಸ್ತೇನು ಅನ್ನುವ ಹಾಗೆ ಹುಬ್ಬೇರಿಸಿದರು.

ಕೇಳಿಸಿತು ಅಂತ ತಲೆಯಾಡಿಸಿದೆ.